ಕಾಲುವೆಯ ಪಂಚಾಯ್ತಿ

ಇಂದಿರಾನಗರದ ದರ್ಶಿನಿಯೊಂದರ ಮೇಲಿನ ಮಹಡಿಯ ಆಫೀಸಿನಲ್ಲಿ, ವಡೆಯ ಘಮಲಿನ ನಡುವೆ ಕೂತು, ಬೃಂದಾ ಮಹದೇವಪುರದ ಮಳೆನೀರು ಹರಿಯುವ ರಾಜಕಾಲುವೆಯನ್ನು ಕಾಯುತ್ತಿದ್ದಳು. ಕಾಲುವೆಯ ಉದ್ದಕ್ಕೂ ಅವಳು ಕೂರಿಸಿದ್ದ ಸೆನ್ಸರ್ ಡಬ್ಬಿಗಳು ನೀರಿನ ಮಟ್ಟ ಅಳೆದು, ತಂತಿಯ ಹಂಗಿಲ್ಲದೆ ಒಂದರಿಂದೊಂದಕ್ಕೆ ಸುದ್ದಿ ದಾಟಿಸಿ ಆಫೀಸಿಗೆ ಮುಟ್ಟಿಸುತ್ತಿದ್ದವು. ನೀರು ಏರಿದರೆ ಆ ಬೀದಿಯ ಸೈರನ್ ಕೂಗಬೇಕು. ಕಿಡಿಗೇಡಿಗಳು ಯಾವುದೋ ಡಬ್ಬಿಯ ಬಾಯಲ್ಲಿ ಸುಳ್ಳು ಹೇಳಿಸಿದರೆ? ಅದಕ್ಕೂ ಅವಳ ಬಳಿ ಮದ್ದಿತ್ತು. ಅಕ್ಕಪಕ್ಕದ ಡಬ್ಬಿಗಳ ಬಹುಮತ ಯಾವುದನ್ನು ಸುಳ್ಳುಬುರುಕ ಎನ್ನುತ್ತದೋ ಅದಕ್ಕೆ ಬಹಿಷ್ಕಾರ. ಈ ಏರ್ಪಾಟಿಗೆ ‘ಪಂಚಾಯ್ತಿ’ ಎಂದು ಹೆಸರಿಟ್ಟವಳೂ ಅವಳೇ. ಪಂಚಾಯ್ತಿಗೆ ಸಿಕ್ಕಿ ನರಳಿದವರನ್ನು ಅವಳು ಹತ್ತಿರದಿಂದ ಕಂಡಿರಲಿಲ್ಲ.

ಮಳೆ ಹಿಡಿದಿದ್ದ ಆ ಮಧ್ಯಾಹ್ನ ಪಿಳ್ಳಮ್ಮನ ಫೋನ್ ಬಂತು. ಕಾಲುವೆ ದಡದ ತಗ್ಗಿನಲ್ಲಿ ಆಕೆಯ ಮನೆ. ಒಂದು ಡಬ್ಬಿ ಆಕೆಯ ಕಾಂಪೌಂಡಿನ ಮೇಲೆಯೇ ಇತ್ತು.

“ಏನವ್ವಾ ಬೃಂದಾ, ನೀರು ಮೆಟ್ಲತ್ರ ಬಂದೈತೆ. ನಿನ್ ಸೈರನ್ನು ಇವತ್ತು ಮೌನವ್ರತಾನಾ?”

“ಇಲ್ಲಿ ನೀರೇ ಇಲ್ಲ ಅಂತ ತೋರಿಸ್ತಿದೆಯಲ್ಲ ಅಜ್ಜಿ.”

“ಹಂಗಾದ್ರೆ ನನ್ ಚಪ್ಲಿ ತೇಲ್ತಿರೋದು ಯಾತ್ರಲ್ಲಿ?”

ಬೃಂದಾ ಪರದೆಯನ್ನು ಕೆದಕಿ ನೋಡಿದಳು. ಪಿಳ್ಳಮ್ಮನ ಡಬ್ಬಿ ‘ನೀರು, ನೀರು’ ಎಂದು ಬಾಯಿ ಬಡಿದುಕೊಂಡಿತ್ತು. ನೆರೆಯ ಏಳರಲ್ಲಿ ಐದು ಅದನ್ನು ಸುಳ್ಳು ಎಂದಿದ್ದವು. ಪಂಚಾಯ್ತಿ ಅದನ್ನು ಹೊರಗೆ ಹಾಕಿತ್ತು. ಆ ಐದೂ ಹಿಂದಿನ ವಾರ ತಾವಾಗಿ ಬಂದು ಸೇರಿದ ಹೊಸಬರು. ನಿವಾಸಿಗಳೇ ಡಬ್ಬಿ ಕೊಂಡು ಸೇರಲಿ ಎಂದು ಕಂಪನಿ ಬಾಗಿಲು ತೆರೆದಿಟ್ಟಿತ್ತು. ಬಂದವರ ಗುರುತು ಕೇಳುವ ಕೆಲಸವನ್ನು ಬೃಂದಾ ಮುಂದಕ್ಕೆ ಹಾಕುತ್ತಲೇ ಬಂದಿದ್ದಳು. ಐದೂ ಸೇರಿದ ದಿನ ಯಜಮಾನ ಮಧುಕರ್ ಎಲ್ಲರಿಗೂ ಕೇಸರಿಬಾತ್ ತರಿಸಿದ್ದ. ಯಾರ ಮನೆಯ ಡಬ್ಬಿಗಳೆಂದು ಯಾರೂ ಕೇಳಲಿಲ್ಲ. ಮದುವೆಯ ಪಂಕ್ತಿಯಲ್ಲಿ ಕೂತವರನ್ನು ನೀವು ಗಂಡಿನ ಕಡೆಯೋ ಹೆಣ್ಣಿನ ಕಡೆಯೋ ಎಂದು ಕೇಳುವುದುಂಟೇ?

ಪಕ್ಕದ ಮೇಜಿನ ಸಲ್ಮಾನ್ ಬಗ್ಗಿ ನೋಡಿದ. ಅವನ ಚಿಕ್ಕಪ್ಪನಿಗೆ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನ ವ್ಯಾಪಾರ.

“ಐದು ಜನ ಒಂದೇ ರಾಗದಲ್ಲಿ ‘ವಾಹ್, ಏನು ಸಿಹಿ’ ಅಂದ್ರೆ ಆ ಹಣ್ಣು ಮುಟ್ಟಬೇಡ ಅಂತಾರೆ ನಮ್ ಚಾಚಾ. ಐದನ್ನೂ ಒಂದೇ ಕ್ಷಣಕ್ಕೆ ಬೇರೆ ಬೇರೆ ಚಾನೆಲ್‌ನಲ್ಲಿ ಕೂಗು ಗುರು. ಒಂದು ಡಬ್ಬಿಗೆ ಒಂದು ಸಲಕ್ಕೆ ಒಂದೇ ಚಾನೆಲ್ ಕೇಳ್ಸೋದು. ಐದು ಬಾಯಿದ್ರೆ ಐದು ಉತ್ತರ ಬರುತ್ತೆ.”

ಕೂಗಿದಳು. ಒಂದೇ ಉತ್ತರ. ಮತ್ತೆ ಕೂಗಿದಳು. ಆಗಲೂ ಒಂದೇ. ಒಂದು ಯಂತ್ರ ಐದು ಹೆಸರು ಹೊತ್ತು, ಐದು ಸಾಕ್ಷಿ ನುಡಿದು, ನ್ಯಾಯವನ್ನೂ ತಾನೇ ತೀರಿಸಿತ್ತು.

“ಕಾಲುವೆ ಒತ್ಕೊಂಡು ಒಂದು ಅಪಾರ್ಟ್‌ಮೆಂಟ್ ಕಟ್ತಿದ್ದಾರಲ್ಲ,” ಎಂದ ಸಲ್ಮಾನ್, “‘ಇಲ್ಲಿ ನೀರು ನುಗ್ಗಲ್ಲ’ ಅಂತ ಇಷ್ಟುದ್ದ ಬೋರ್ಡ್. ನಂಗ್ಯಾಕೋ ಅವ್ರದ್ದೇ ಕೈಚಳಕ ಅನ್ಸುತ್ತೆ.”

“ಅವ್ರನ್ನ ನಾಳೆ ವಿಚಾರಿಸ್ಕೊಳ್ಳೋಣ. ಈಗ ಅಜ್ಜಿ ಮನೆ.”

ಗಾಜಿನ ಕೋಣೆಯಲ್ಲಿ ಮಧುಕರ್ ಹಣ ಹೂಡಲು ಬಂದಿದ್ದವರಿಗೆ, ಡಬ್ಬಿಗೊಂದು ಚುಕ್ಕೆ ಮಿನುಗುವ ಗೋಡೆಯ ನಕ್ಷೆ ತೋರಿಸುತ್ತಿದ್ದ. ಬೃಂದಾ ಸನ್ನೆ ಮಾಡಿದ್ದಕ್ಕೆ ಬಾಗಿಲಿಗೆ ಬಂದ.

“ಸರ್, ಹೊಸ ಐದೂ ನಕಲಿ. ತೆಗೀಬೇಕು.”

“ತೆಗಿಯಮ್ಮ, ಯಾರು ಬೇಡ ಅಂದ್ರು? ಇವ್ರು ಕಾಫಿ ಕುಡ್ದು ಹೋಗ್ಲಿ. ಒಂದೇ ವಾರದಲ್ಲಿ ಐದು ಹೆಚ್ಚಾಯ್ತು ಅಂತ ಈಗ ತಾನೇ ಕೊಚ್ಕೊಂಡಿದ್ದೀನಿ.”

“ಪಿಳ್ಳಮ್ಮನ ಮನೆ ಮೆಟ್ಟಿಲಿಗೆ ನೀರು ಬಂದಿದೆ.”

“ಅರ್ಧ ಗಂಟೆ ಅಷ್ಟೆ. ಅಷ್ಟರಲ್ಲಿ ಪ್ರಳಯ ಆಗುತ್ತಾ?”

ಮಹದೇವಪುರದ ಪ್ರಳಯಕ್ಕೆ ಅಷ್ಟು ಹೊತ್ತೂ ಬೇಕಿಲ್ಲವೆಂದು ಅವಳು ವಾದಿಸಲು ಹೋಗಲಿಲ್ಲ. ತನ್ನ ಕುರ್ಚಿಗೆ ಮರಳಿ ಐದೂ ಹೆಸರು ಅಳಿಸಿದಳು. ಪಿಳ್ಳಮ್ಮನ ಡಬ್ಬಿಯನ್ನು ಒಳಗೆ ಕರೆದುಕೊಂಡಳು. ಗೋಡೆಯ ನಕ್ಷೆಯಲ್ಲಿ ಐದು ಹಸಿರು ಚುಕ್ಕೆಗಳು ಒಟ್ಟಿಗೆ ಆರಿ, ಒಂದು ಕೆಂಪು ಚುಕ್ಕೆ ಹೊತ್ತಿಕೊಂಡಿತು. ಬಂದವರಲ್ಲೊಬ್ಬರು ಕಾಫಿ ಲೋಟ ಕೆಳಗಿಟ್ಟು ಏನೋ ಕೇಳಿದರು. ಮಧುಕರ್ ಗಾಜಿನಾಚೆಯಿಂದ ಅವಳನ್ನೇ ನೋಡಿದ.

ಫೋನ್ ಮತ್ತೆ ಬಂತು. ಹಿಂದೆ ಸೈರನ್ ಅರಚುತ್ತಿತ್ತು.

“ಅಯ್ಯೋ, ನಿಲ್ಸೇ ತಾಯಿ! ಕಿವಿ ತೂತಾಗ್ತೈತೆ. ಬೀದಿಯೋರೆಲ್ಲ ಅಕ್ಕಿ, ಹಾಸ್ಗೆ ಹೊತ್ಕೊಂಡು ಎದುರ್ಮನೆ ಮಾರಕ್ಕನ ಮಾಳ್ಗೆ ಹತ್ತವ್ರೆ. ನಾನೂ ಅಲ್ಲೇ ಇವ್ನಿ. ಒಬ್ರ ಮಾತು ಒಬ್ರಿಗೆ ಕೇಳ್ಸಾಕಿಲ್ಲ.”

“ನೀರು ಇಳಿದ್ರೆ ನಿಲ್ಲುತ್ತೆ ಅಜ್ಜಿ. ಅಲ್ಲೇ ಇರಿ.”

ಮಧುಕರ್ ಬಂದು ಅವಳ ಮೇಜಿನ ಪಕ್ಕ ನಿಂತ. ಬೈಗುಳವನ್ನು ಅತಿಥಿಗಳು ಹೋದ ಮೇಲೆಂದು ಕಾದಿರಿಸಿದಂತಿತ್ತು.

“ಉಳಿದಿರೋದಾದ್ರೂ ಅಸಲಿನಾ ಅಂತ ಕೇಳ್ತಿದ್ದಾರೆ. ಏನಂತ ಹೇಳ್ಲಿ?”

“ಒಂದೊಂದನ್ನೇ ಕೇಳ್ತಿದ್ದೀನಿ ಸರ್,” ಎಂದಳು ಬೃಂದಾ, ಪರದೆಯಿಂದ ಕಣ್ಣು ತೆಗೆಯದೆ. “ಅವ್ರಿಗೆ ಇನ್ನೊಂದು ಕಾಫಿ ಹೇಳಿ.”