ಎವರ್ಟನ ಬಾಗಿಲು

"ಇನ್ನೊಂದು ಸಲ ತಳ್ರೋ. ಒಂದು, ಎರಡು..."

ಆರು ಜನ ಮುದುಕರು ಉಸಿರು ಬಿಗಿಹಿಡಿದು ತಳ್ಳಿದರು. ಶವಪೆಟ್ಟಿಗೆ ಕಾರಿನೊಳಗೆ ಜಾರಿ, ಮುಂದಿನ ಸೀಟುಗಳ ಬೆನ್ನಿಗಿದ್ದ ಹಲಗೆಗೆ ಟಕ್ ಎಂದು ತಗುಲಿ ನಿಂತುಬಿಟ್ಟಿತು. ಹಿಂದೆ ಇನ್ನೂ ಒಂದು ಗೇಣು ಹೊರಗೇ ಉಳಿದಿತ್ತು.

"ತಿರುಗಿಸಿ ನೋಡೋಣ್ವಾ?" ಎಂದ ತೂರೆ.

"ತಿರುಗಿಸಿದ್ರೆ ಗಿಡ್ಡ ಆಗ್ತಾನಾ ಅವನು?" ಎಂದು ಸಿಕ್ಸ್ಟನ್ ಗದರಿದ.

ಇಗರ್ಜಿಯ ಮೆಟ್ಟಿಲ ಮೇಲೆ ನಿಂತಿದ್ದ ಮೈಕೆನ್ ಕೈಚೀಲವನ್ನು ಎದೆಗೊತ್ತಿಕೊಂಡು ನೋಡುತ್ತಿದ್ದಳು. ಪೆಟ್ಟಿಗೆಯಲ್ಲಿದ್ದವನು ಅವಳ ಗಂಡ ಎವರ್ಟ್. ಪ್ರಾರ್ಥನೆ ಚೆನ್ನಾಗಿಯೇ ಮುಗಿದಿತ್ತು. ಒಬ್ಬೊಬ್ಬರೂ ಪೆಟ್ಟಿಗೆಯ ಹತ್ತಿರ ಬಂದು ಹೂವಿಟ್ಟು ಬೀಳ್ಕೊಟ್ಟಿದ್ದರು. ಇನ್ನು ಸೇತುವೆ ದಾಟಿ ಆಚೆ ದಡದ ಸ್ಮಶಾನಕ್ಕೆ ಹೋಗುವುದಷ್ಟೇ ಬಾಕಿ. ಅಲ್ಲಿ ಗುಂಡಿ ತೋಡಿದವರು ಮೂರು ಗಂಟೆಯವರೆಗೆ ಮಾತ್ರ ಕಾಯುತ್ತೇವೆಂದಿದ್ದರು. ಈಗಾಗಲೇ ಎರಡೂಕಾಲು.

ಅಂತ್ಯಕ್ರಿಯೆಯ ವ್ಯವಸ್ಥೆ ಹೊತ್ತಿದ್ದ ಪೆರ್ನಿಲ್ಲಾ ದೊಡ್ಡ ಪಟ್ಟಣದವಳು. ಅವಳು ಬಲು ಮೆಲ್ಲಗೆ ಹೇಳಿದಳು: "ನೋಡಿ, ನಮ್ಮ ಕಾರು ಪಕ್ಕದಲ್ಲೇ ಇದೆ. ಅದರಲ್ಲಿ ಆರಾಮಾಗಿ ಹಿಡಿಸುತ್ತೆ."

ಎಲ್ಲರೂ ತಿರುಗಿ ಆ ಕಾರನ್ನು ನೋಡಿದರು. ಕಪ್ಪಗೆ, ಉದ್ದಕ್ಕೆ, ಮಿರಮಿರ ಮಿಂಚುತ್ತಿದ್ದ ಜರ್ಮನ್ ಕಾರು. 

"ಅದರಲ್ಲಿ ಅವನು ಬರಲ್ಲ," ಎಂದಳು ಮೈಕೆನ್. "ನಿಮ್ಮ ಕಾರ್ಖಾನೆಯ ಟ್ರಾನಾ ಕಾರಲ್ಲೇ ಕರ್ಕೊಂಡು ಹೋಗ್ತೀನಿ, ನಿನ್ನ ಪಕ್ಕದಲ್ಲೇ ಇರ್ತೀನಿ ಅಂತ ಆಸ್ಪತ್ರೇಲಿ ಅವನ ಕೈ ಹಿಡ್ಕೊಂಡು ಮಾತು ಕೊಟ್ಟಿದ್ದೀನಿ. ಐವತ್ತೊಂದು ವರ್ಷ ಸಂಸಾರ ಮಾಡಿ, ಕೊನೇ ದಿನ ಮಾತು ತಪ್ಪಲಾ?"

ಪೆರ್ನಿಲ್ಲಾ ಪೆಚ್ಚಾದಳು. ಆಮೇಲೆ ಪೆಟ್ಟಿಗೆ ಹೊತ್ತವರ ಕೊರಳ ಕಡೆ ನೋಡಿ ಕೇಳಿದಳು: "ನಮ್ಮಲ್ಲಿ ಬಿಳಿ ಟೈ ಸತ್ತವರ ಒಡಹುಟ್ಟಿದವರಿಗೆ, ಮಕ್ಕಳಿಗೆ ಮಾತ್ರ ಅಲ್ವಾ? ಇವರಿಗೆ ಇಷ್ಟೊಂದು ಜನ ಅಣ್ಣತಮ್ಮಂದಿರಾ?"

"ಒಂದೇ ತಾಯಿ ಮಕ್ಕಳು," ಎಂದ ಸಿಕ್ಸ್ಟನ್, ಟೈ ನೇವರಿಸಿಕೊಳ್ಳುತ್ತಾ.

"ಯಾವ ತಾಯಿ?"

"ಅಮೆರಿಕದ ತಾಯಿ ಕಂಪನಿ. ನಮ್ಮನ್ನೆಲ್ಲಾ ಒಟ್ಟಿಗೇ ಮಾರಿದಳಲ್ಲ, ಅವಳೇ."

ಮುದುಕರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಪ್ರಾರ್ಥನೆ ನಡೆಸಿದ್ದ ಪಾದ್ರಿಯಮ್ಮನೂ ನಕ್ಕಳು, ಆಮೇಲೆ ಗಂಭೀರಳಾದಳು.

* * *

ಹದಿನೈದು ವರ್ಷದ ಕೆಳಗೆ, ಮಾರಾಟದ ಸುದ್ದಿ ಬಂದ ದಿನ ಟ್ರಾನಾ ಕಾರ್ಖಾನೆಯ ಊಟದ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಮೆರಿಕದಿಂದ ಬಂದ ಸಾಹೇಬ ಗೋಡೆಯ ಮೇಲೆ ಲಾಭನಷ್ಟದ ಗೆರೆಗಳನ್ನು ತೋರಿಸಿದ. ಎಲ್ಲ ಗೆರೆಗಳೂ ಇಳಿಮುಖ. ಟ್ರಾನಾ ಎಂದರೆ ಕೊಕ್ಕರೆ. ಕಾರಿನ ಮೂತಿಯ ಮೇಲಿದ್ದ ಲಾಂಛನವೂ ಅದೇ. ಸಾಹೇಬ ಅದನ್ನೇ ಹಿಡಿದು ನಿಟ್ಟುಸಿರುಬಿಟ್ಟ: "ನಿಮ್ಮ ಹಕ್ಕಿ ಈಗ ಒಂಟಿಕಾಲಲ್ಲಿ ನಿಂತಿದೆ. ಕೊಳ್ಳುವವರು ಸಿಕ್ಕರೆ ಮಾರುತ್ತೇವೆ. ಸಿಗದಿದ್ದರೆ ಮುಚ್ಚುತ್ತೇವೆ."

ಹಿಂದಿನ ಸಾಲಿನಲ್ಲಿ ಎವರ್ಟ್ ಎದ್ದು ನಿಂತ. ಅವನು ಮಾತಾಡುವವನೇ ಅಲ್ಲ. ಮೂವತ್ತು ವರ್ಷದಿಂದ ಕಾರುಗಳಿಗೆ ಬಾಗಿಲು ಕೂರಿಸುವುದು, ಮುಚ್ಚಿ ಕಿವಿಗೊಡುವುದು, ಸದ್ದು ಸರಿ ಬರುವವರೆಗೆ ತಿರುಪು ಬಿಗಿಯುವುದು, ಇಷ್ಟೇ ಅವನ ಲೋಕ.

"ಕೊಕ್ಕರೆ ಒಂಟಿಕಾಲಲ್ಲಿ ನಿಲ್ಲೋದು ಬೀಳೋಕಲ್ಲ ಸ್ವಾಮಿ," ಎಂದ. "ಮೀನು ಹಿಡಿಯೋಕೆ."

ಹಾಲ್ ಸಿಡಿಯುವಂತೆ ಚಪ್ಪಾಳೆ ಬಿತ್ತು. ದುಭಾಷಿ ಅದನ್ನು ಹೇಳಿದನೋ ಇಲ್ಲವೋ, ಸಾಹೇಬನಂತೂ ನೀರು ಕುಡಿದ.

ಎರಡು ತಿಂಗಳ ಮೇಲೆ ಪೋರ್ಚುಗಲ್‌ನಿಂದ ಒಬ್ಬ ಬಸ್ಸು ತಯಾರಕ ನೋಡಲು ಬಂದ. ಸಣ್ಣಾಳು, ಚೂಪು ಮೀಸೆ. ಲೆಕ್ಕದವರು, ವಕೀಲರು ಹಿಂದೆ. ಬಾಗಿಲ ವಿಭಾಗಕ್ಕೆ ಬಂದಾಗ ಅವನು ಒಂದು ಬಾಗಿಲನ್ನು ಸುಮ್ಮನೆ ಧಡಾರನೆ ದೂಡಿದ. ಎವರ್ಟನಿಗೆ ಮೈಯೆಲ್ಲ ಉರಿಯಿತು.

"ಹಾಗಲ್ಲಪ್ಪಾ! ಎರಡೇ ಬೆರಳು. ಎರಡೇ. ಮಿಕ್ಕಿದ್ದನ್ನ ಅದೇ ಮಾಡ್ಕೊಳ್ಳುತ್ತೆ."

ಬಸ್ಸಿನವನು ಎರಡು ಬೆರಳಲ್ಲಿ ತಳ್ಳಿದ. ಎವರ್ಟ್ ತಲೆಯಾಡಿಸಿದ. ಮತ್ತೆ ತಳ್ಳಿದ. ಎವರ್ಟ್ ಮತ್ತೆ ತಲೆಯಾಡಿಸಿದ. ವಕೀಲರು ಗಡಿಯಾರ ನೋಡಿದರು. ಹನ್ನೊಂದನೆಯ ಸಲ ಬಾಗಿಲು ತಾನಾಗಿಯೇ ಹೋಗಿ ಕೂತಿತು. ಹಿಟ್ಟಿನ ಮೂಟೆ ಮೇಲೆ ಬೆಕ್ಕು ಹಾರಿದ ಹಾಗೆ, ದಪ್. ಬಸ್ಸಿನವನ ಮೀಸೆ ಅರಳಿತು. ಅವನು ನಗುತ್ತಾ ಇನ್ನೂ ಹತ್ತು ಸಲ ತೆಗೆದು ಮುಚ್ಚಿದ.

ಅವನು ಕೊಂಡ. ಬಾಗಿಲಿಗಾಗಿಯೇ ಕೊಂಡ ಎಂದು ನಮ್ಮೂರಿನವರು ಇವತ್ತಿಗೂ ಆಣೆ ಹಾಕಿ ಹೇಳುತ್ತಾರೆ. ವಕೀಲರನ್ನು ಕೇಳಿದರೆ ಬೇರೆ ಕಾರಣ ಹೇಳಿಯಾರು, ಅವರನ್ನು ಯಾರು ಕೇಳುತ್ತಾರೆ? ಅದಾದ ಮೇಲೆ ಎರಡು ವರ್ಷ ನಾಲ್ಕು ತಿಂಗಳು ಗೇಟು ತೆರೆದೇ ಇತ್ತು. ಆ ಅವಧಿಯಲ್ಲಿ ತೂರೆಯ ಮಗಳ ಮದುವೆಯಾಯಿತು, ಸಿಕ್ಸ್ಟನ್ ದೋಣಿ ಕೊಂಡ, ಊರಿನ ಬೇಕರಿಯವಳು ಎರಡನೆಯ ಒಲೆ ಹಾಕಿಸಿದಳು. ಎಲ್ಲರೂ ಎವರ್ಟನ ಬೆನ್ನು ತಟ್ಟುತ್ತಿದ್ದರು. ಆಮೇಲೆ ಬಸ್ಸಿನವನೂ ಸೋತ, ಗೇಟು ಮುಚ್ಚಿತು.

ಗೇಟು ಮುಚ್ಚಿದ ಚಳಿಗಾಲದಲ್ಲೇ ಇವರೆಲ್ಲ ಸಿಕ್ಸ್ಟನ್‌ನ ದೋಣಿಮನೆಯಲ್ಲಿ ಸೇರಿ, ಉಳಿದ ಬಿಡಿಭಾಗಗಳಿಂದ ಲೋಕದ ಒಂದೇ ಒಂದು ಟ್ರಾನಾ ಶವವಾಹನ ಕಟ್ಟಿದರು. ಮೊದಲು ಹೋಗುವವನಿಗೆ ಮೊದಲ ಸವಾರಿ ಎಂದು ಬಿಯರ್ ಲೋಟ ತಾಗಿಸಿ ಒಪ್ಪಂದವೂ ಆಯಿತು.

* * *

"ಈ ಸಲಾನೂ ಸಾಲಲ್ಲಿ ಅವನೇ ಮುಂದೆ," ಎಂದು ತೂರೆ ಗೊಣಗಿದ. "ಕಾಫಿಗೂ ಹೀಗೇ ಮಾಡ್ತಿದ್ದ."

"ಅದಿರಲಿ, ಅಳತೆ ತಗೊಂಡಿದ್ದು ಯಾರು?" ಮೈಕೆನ್ ಮೆಟ್ಟಿಲಿಳಿದು ಬಂದಳು.

ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಸಿಕ್ಸ್ಟನ್ ಬಾಯಿಬಿಟ್ಟ. "ನಾವೇ. ನಮ್ಮೆಲ್ಲರಿಗಿಂತ ಉದ್ದ ಎವರ್ಟ್ ಅಲ್ವಾ, ಅದಕ್ಕೆ ಅವನನ್ನೇ ಒಳಗೆ ಮಲಗಿಸಿ ಅಳೆದ್ವಿ. ಬೂಟು ಹಾಕ್ಕೊಂಡೇ ಮಲಗಿದ್ದ. ತಲೆ ಹತ್ರ ಎರಡು ಬೆರಳು, ಕಾಲ ಹತ್ರ ಎರಡು ಬೆರಳು ಜಾಸ್ತೀನೂ ಬಿಟ್ವಿ. ಅವನೇ 'ಸಾಕು, ಸುಖವಾಗಿದೆ' ಅಂದ."

"ಪೆಟ್ಟಿಗೆ?"

"ಯಾವ ಪೆಟ್ಟಿಗೆ?"

"ಅಯ್ಯೋ ನಿಮ್ಮ! ಸತ್ತೋರನ್ನ ಪೆಟ್ಟಿಗೇಲಿ ಹಾಕ್ತಾರೆ ಅಂತ ಆರು ಜನ ಗಂಡಸರಲ್ಲಿ ಒಬ್ಬರಿಗೂ ಹೊಳೀಲಿಲ್ವಾ?"

"ನಾವು ಕಾರು ಮಾಡೋರು ಮೈಕೆನ್," ಎಂದ ಸಿಕ್ಸ್ಟನ್ ಮುಖ ಸಣ್ಣದು ಮಾಡಿ. "ಕೂರೋ ಜನಾನ ಅಳೆದು ಅಭ್ಯಾಸ."

ಮೈಕೆನ್‌ಳ ಮುಖ ಕೆಂಪಾಯಿತು. ಬೈಯುತ್ತಾಳೆಂದು ಎಲ್ಲರೂ ತಲೆ ತಗ್ಗಿಸಿದರು. ಅವಳು ನಕ್ಕುಬಿಟ್ಟಳು. ಬೆಳಗಿನಿಂದ ತಡೆದುಕೊಂಡಿದ್ದ ಅಳುವೂ ಅದರ ಜೊತೆಗೇ ಬಂತು. ಪೆರ್ನಿಲ್ಲಾ ಕರವಸ್ತ್ರ ಕೊಟ್ಟಳು, ಮೈಕೆನ್ ಕಣ್ಣೊರೆಸಿಕೊಂಡು ಕಾರಿನೊಳಗೆ ಇಣುಕಿದಳು.

"ಆ ಹಲಗೆ ತೆಗೀರಿ. ಡ್ರೈವರ್ ಪಕ್ಕದ ನನ್ನ ಸೀಟೂ ತೆಗೀರಿ. ಮುಂದಕ್ಕೆ ಜಾರುತ್ತೆ."

"ನಿನ್ನ ಸೀಟು ತೆಗೆದ್ರೆ ನೀನೆಲ್ಲಿ ಕೂರ್ತೀಯಾ?" ಎಂದ ಸಿಕ್ಸ್ಟನ್. ಓಡಿಸಬೇಕಾಗಿದ್ದವನು ಅವನು.

"ನಿನ್ನ ಸೀಟಲ್ಲಿ."

ಮೈಕೆನ್ ಅವನ ಕೈಯಿಂದ ಕೀಲಿ ಕಿತ್ತುಕೊಂಡಳು.

"ಮರ್ತ್ರಾ? ಲಕ್ಷಗಟ್ಟಲೆ ಕಾರಿಗೆ ಬಾಗಿಲು ಹಾಕಿದೋನಿಗೆ ಲೈಸೆನ್ಸೇ ಇರ್ಲಿಲ್ಲ. ಮೂರು ಸಲ ಪರೀಕ್ಷೆಗೆ ಕೂತು ಮೂರು ಸಲಾನೂ ಡುಮ್ಕಿ ಹೊಡೆದ. ಐವತ್ತೊಂದು ವರ್ಷ ಓಡಿಸಿದ್ದು ನಾನು, ಪಕ್ಕದಲ್ಲಿ ಕೂತಿದ್ದು ಅವನು."

"ಅಲ್ಲ, ನಿಯಮದ ಪ್ರಕಾರ ನಮ್ಮವರೊಬ್ಬರು..." ಎಂದು ಪೆರ್ನಿಲ್ಲಾ ಶುರುಮಾಡಿದಳು. ಬಿಳಿ ಟೈಗಳೆಲ್ಲ ಒಟ್ಟಿಗೆ ಅವಳ ಕಡೆ ತಿರುಗಿದವು. "ನಾನು ಹಿಂದೆ ಬರ್ತೀನಿ," ಎಂದು ಮಾತು ಮುಗಿಸಿದಳು.

ಸೀಟಿಗೆ ನಾಲ್ಕು ಬೋಲ್ಟು. ಅಂತ್ಯಕ್ರಿಯೆಗೆಂದು ಕೋಟು ತೊಟ್ಟು ಬಂದವರ ಜೇಬಿನಲ್ಲಿ ಸ್ಪ್ಯಾನರ್ ಎಲ್ಲಿಂದ ಬರಬೇಕು? ಜೇಬು ತಡಕಿದರೆ ಕರವಸ್ತ್ರ, ಪುದೀನ ಪೆಪ್ಪರ್‌ಮಿಂಟು. ತೂರೆ ಮಾತ್ರ ಪೆಟ್ಟಿಗೆಯ ಮೇಲಿನ ಹೂವಿನ ರಾಶಿಯನ್ನೇ ನೋಡುತ್ತಿದ್ದ. ಬಿಳಿ ಗುಲಾಬಿಗಳ ನಡುವೆ ಮೈಕೆನ್ ತಾನೇ ಇಟ್ಟ ಎವರ್ಟನ ಸ್ಪ್ಯಾನರ್ ಇತ್ತು. ಹಿಡಿಕೆಗೆ ಕೆಂಪು ಪಟ್ಟಿ ಸುತ್ತಿದ್ದು. ಕಾರ್ಖಾನೆಯಲ್ಲಿ ಅದನ್ನು ಮುಟ್ಟಿದವನು ಅವತ್ತೆಲ್ಲಾ ಎವರ್ಟನ ಕೆಂಗಣ್ಣಿಗೆ ಗುರಿ.

"ಕೇಳಿದ್ರೆ ಕೊಡ್ತಾನಾ?" ಎಂದ ತೂರೆ ಮೆಲ್ಲಗೆ.

"ಜೀವಮಾನದಲ್ಲಿ ಕೊಟ್ಟಿಲ್ಲ," ಎಂದ ಸಿಕ್ಸ್ಟನ್. ಟೋಪಿ ತೆಗೆದು ಪೆಟ್ಟಿಗೆಯ ಕಡೆ ಬಾಗಿದ. "ಎವರ್ಟ್, ಐದು ನಿಮಿಷಕ್ಕೆ ಕಡ ಕೊಡೋ. ಒರೆಸಿ ವಾಪಸ್ ಇಡ್ತೀನಿ."

ಆಮೇಲೆ ನೋಡಬೇಕಿತ್ತು ಆ ಮುದುಕರನ್ನು! ಕೋಟು ಬಿಚ್ಚಿ ಇಗರ್ಜಿಯ ಬೇಲಿಗೆ ನೇತುಹಾಕಿದರು. ಬಿಳಿ ಟೈ ಹೆಗಲ ಮೇಲೆ ಎಸೆದುಕೊಂಡರು. ಒಬ್ಬ ಕಾರಿನಡಿ ತೂರಿದ, ಇಬ್ಬರು ಹಲಗೆ ಕಿತ್ತರು. "ನಿಧಾನ, ಬೋಲ್ಟಿನ ತಿರುಪು ಸವೆದಿದೆ!" "ಸವೆಸಿದ್ದೇ ನೀನು!" "ಮೊಣಕಾಲು, ಮೊಣಕಾಲು!" ಏಳೇ ನಿಮಿಷದಲ್ಲಿ ಸೀಟು ಹೊರಬಂದು ಹುಲ್ಲಿನ ಮೇಲೆ ಕೂತಿತು. ಸುಸ್ತಾದ ತೂರೆ ಅದರ ಮೇಲೆ ಕೂತ.

ಈ ಸಲ ಪೆಟ್ಟಿಗೆ ಸಲೀಸಾಗಿ ಮುಂದಕ್ಕೆ ಹೋಯಿತು. ಅದರ ತಲೆಯ ಕಡೆ ಚಾಲಕನ ಸೀಟಿನ ಪಕ್ಕಕ್ಕೇ ಬಂತು. ಪೆರ್ನಿಲ್ಲಾ ಪಟ್ಟಿ ಎಳೆದು ಬಿಗಿದಳು. ಸಿಕ್ಸ್ಟನ್ ಸ್ಪ್ಯಾನರನ್ನು ತನ್ನ ಅಂಗಿಯಲ್ಲೇ ಒರೆಸಿ ಗುಲಾಬಿಗಳ ನಡುವೆ ಇಟ್ಟ. ಅವನ ಗಲ್ಲ ಒದ್ದೆಯಾಗಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ.

ಹಿಂದಿನ ಬಾಗಿಲು ಮುಚ್ಚಲು ಅವನು ಅಂಗೈ ಎತ್ತಿದ.

"ಎರಡೇ ಬೆರಳು!" ಎಂದು ಐದೂ ಜನ ಕೂಗಿದರು.

ಎರಡು ಬೆರಳು ತಗಲಿಸಿದ. ಬಾಗಿಲು ತಾನಾಗಿ ಇಳಿದು ಕೂತಿತು. ದಪ್. ಇಗರ್ಜಿಯ ಅಂಗಳದಲ್ಲಿ ಆರೂ ಜನ ಕಿವಿಗೊಟ್ಟು ಕೇಳಿದರು, ಹೀಗೆ ಎಲ್ಲರೂ ಒಟ್ಟಿಗೆ ನಿಂತು ಆ ಸದ್ದು ಕೇಳಿ ಹನ್ನೆರಡು ವರ್ಷವಾಗಿತ್ತು.

ಮೈಕೆನ್ ಕೂತು ಕೀಲಿ ತಿರುಗಿಸಿದಳು. ಎಂಜಿನ್ ಗುರ್ ಎಂದಿತು. ಆದರೆ ಕಾರು ಮಾತ್ರ ಹೊರಡಲಿಲ್ಲ. ಗೇರಿನ ಮೇಲೆ ಕೈಯಿಟ್ಟು, ತಲೆ ಸ್ವಲ್ಪ ಪೆಟ್ಟಿಗೆಯ ಕಡೆ ವಾಲಿಸಿ, ಅವಳು ಏನನ್ನೋ ಕಾಯುತ್ತಿದ್ದಳು.

"ಏನಾಯ್ತು? ಕೆಟ್ಟೋಯ್ತಾ?" ಎಂದಳು ಪೆರ್ನಿಲ್ಲಾ.

ಸಿಕ್ಸ್ಟನ್‌ಗೆ ಗೊತ್ತಿತ್ತು. ಎಷ್ಟೋ ಭಾನುವಾರ ಆ ದಂಪತಿಗಳ ಕಾರಿನ ಹಿಂದಿನ ಸೀಟಿನಲ್ಲಿ ಅವನು ಮೀನು ಹಿಡಿಯಲು ಹೋದವನು. ಎವರ್ಟ್ ಬಾಗಿಲು ಮುಚ್ಚಿ, ಸದ್ದಿಗೆ ಕಿವಿಗೊಟ್ಟು, ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ. ಅದನ್ನು ಹೇಳುವ ತನಕ ಮೈಕೆನ್ ಗಾಡಿ ಬಿಟ್ಟವಳಲ್ಲ. ಸಿಕ್ಸ್ಟನ್ ಮುಂದೆ ಬಂದು ಕಾರಿನ ನೆತ್ತಿಯನ್ನು ಎರಡು ಬೆರಳಲ್ಲಿ ತಟ್ಟಿದ.

"ಮುಚ್ಚಿದೆ, ಹೊರಡು," ಎಂದ.

ಕಾರು ಹೊರಟಿತು. ಖಾಲಿ ಜರ್ಮನ್ ಕಾರು ವಿಧೇಯವಾಗಿ ಹಿಂಬಾಲಿಸಿತು. ಉಳಿದವರು ಕೋಟು ಹೆಗಲಿಗೇರಿಸಿ ತಮ್ಮ ತಮ್ಮ ಹಳೇ ಟ್ರಾನಾಗಳ ಕಡೆ ಓಡಿದರು. ಸೇತುವೆಯ ತಿರುವಿನಲ್ಲಿ ಬಿಸಿಲು ಗಾಜಿನೊಳಗೆ ಬಿತ್ತು. ಮೈಕೆನ್ ಒಂದು ಕೈಯನ್ನು ಪಕ್ಕದ ಪೆಟ್ಟಿಗೆಯ ಮೇಲಿಟ್ಟು, ಅತ್ತ ತಿರುಗಿ ತಿರುಗಿ, ಬಿಡುವಿಲ್ಲದೆ ಏನೋ ಹೇಳುತ್ತಾ ಹೋಗುತ್ತಿದ್ದಳು.