ಉಣ್ಣಲು ಕೂತ ಕ್ಯಾಚರ್

೧೯೯೭ರ ಡಿಸೆಂಬರ್ ಮೊದಲ ವಾರ ಅಮೆರಿಕದ ಮಾರಿಸ್‌ವಿಲ್‌ನ ಆ ಟೌನ್‌ಹೌಸಿನಲ್ಲಿ ಫೋನಿಗಿದ್ದ ಮರ್ಯಾದೆ ದೇವರಿಗೂ ಇರಲಿಲ್ಲ. ಲೈನು ಖಾಲಿ ಇರಲೆಂದು ಶಾಂತವ್ವನ ಸೊಸೆ ಆರತಿ ಬೈಲಹೊಂಗಲಕ್ಕೆ ಫೋನ್ ಮಾಡುವುದನ್ನು ನಿಲ್ಲಿಸಿದ್ದಳು. ಮಗ ಈರಣ್ಣ ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಶಾಂತವ್ವ ಮಾತ್ರ ದಿನಾ ಬೆಳಿಗ್ಗೆ ಅದರ ಧೂಳನ್ನು ಸೆರಗಿನಿಂದ ಒರೆಸಿ, "ಬಾಯರ ಬಿಡೋ ಮೂಕಪ್ಪಾ" ಎಂದು ಬೈಯುತ್ತಿದ್ದಳು. ಇಷ್ಟೆಲ್ಲ ಕಾಯುತ್ತಿದ್ದದ್ದು ಮೇಲಿನ ಕೋಣೆಯಲ್ಲಿದ್ದ ರಸೆಲ್‌ಗೆ ಬರಬೇಕಿದ್ದ ಒಂದು ಕರೆಗಾಗಿ.

ರಸೆಲ್ ಬೇಸ್‌ಬಾಲ್ ಆಡುವವನು. ಬ್ಯಾಟು ಬೀಸುವವನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಬರುವ ಚೆಂಡನ್ನೆಲ್ಲ ಹಿಡಿಯುವ ಕ್ಯಾಚರ್. ಸಣ್ಣ ಲೀಗುಗಳಲ್ಲಿ ಆಟಗಾರರಿಗೆ ಮನೆ ಬಾಡಿಗೆ ಕೊಡುವಷ್ಟು ಸಂಬಳ ಎಲ್ಲಿಂದ ಬರಬೇಕು? ಊರಿನವರೇ ಸೀಸನ್ ಮುಗಿಯುವವರೆಗೆ ಒಂದೊಂದು ಕೋಣೆ ಕೊಟ್ಟು ಇಟ್ಟುಕೊಳ್ಳುವುದು ರೂಢಿ. ಭಾನುವಾರ ತಪ್ಪದೆ ಕ್ರಿಕೆಟ್ ಆಡುವ ಈರಣ್ಣ ಆಟದ ಮೇಲಿನ ಮೋಹಕ್ಕೆ ಹೂಂ ಅಂದಿದ್ದ. ಸೀಸನ್ ಸೆಪ್ಟೆಂಬರಿನಲ್ಲೇ ಮುಗಿದರೂ ರಸೆಲ್ ಉಳಿದ, ಯಾರೂ ಹೋಗು ಅನ್ನಲಿಲ್ಲ. ವಾರದಲ್ಲಿ ನಾಲ್ಕು ದಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ದುಡಿಯುತ್ತಿದ್ದ, ಮಿಕ್ಕ ದಿನ ಫೋನಿನ ಪಕ್ಕ ಕೂರುತ್ತಿದ್ದ.

"ಅವಂದು ಏಳು ಸೀಸನ್ ಮುಗದಾವಬೇ," ಎಂದು ಈರಣ್ಣ ತಾಯಿಗೆ ತಿಳಿಸಿ ಹೇಳಿದ್ದ. "ಹಳೇ ಕ್ಲಬ್ಬಿನ ಕಾಂಟ್ರಾಕ್ಟ್ ಹರೀತು. ಈಗ ಅವ ಫ್ರೀ ಏಜೆಂಟ್. ಯಾವ ಕ್ಲಬ್ಬಿನವರು ಬೇಕಾದ್ರೂ ಸೈನ್ ಮಾಡಿಸ್ಕೋಬಹುದು."

"ಯಾರ ಬೇಕಾದ್ರೂ ಕರೀಬಹುದು ಅಂದ್ರ, ಯಾರೂ ಕರೀದಿದ್ರೂ ನಡೀತದ ಅಂದಂಗಾತಲ್ಲೋ."

ರಸೆಲ್‌ಗೆ ಇಪ್ಪತ್ತೊಂಬತ್ತು ತುಂಬಿತ್ತು. ಈ ಚಳಿಗಾಲ ಯಾರೂ ಕರೆಯದಿದ್ದರೆ ತನ್ನೂರು ಗ್ಯಾಸ್ಟೋನಿಯಾಕ್ಕೆ ಹೋಗಿ ಅಪ್ಪನ ಜೊತೆ ಮಾಡು ಹೊದಿಸುವ ಕೆಲಸಕ್ಕೆ ನಿಲ್ಲಬೇಕು, ಆಟ ಅಲ್ಲಿಗೆ ಮುಗಿಯಿತು.

ಶಾಂತವ್ವನಿಗೆ ಅವನ ಮೇಲೆ ಜೀವ. ಈ ದೇಶದಲ್ಲಿ ನೆಲದ ಮೇಲೆ ಕೂರಲು ಬರುವುದು ಇವನೊಬ್ಬನಿಗೇ ಎಂದು ಅವಳ ತೀರ್ಮಾನ. ಮೇಜು ಬಿಟ್ಟು ಅವಳೆದುರು ಚಾಪೆಯ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು, ರೊಟ್ಟಿ ಮುರಿದು, "ಅವ್ವಾ, ಸಾಕು" ಅನ್ನುತ್ತಿದ್ದ. ಅವನಿಗೆ ಬರುತ್ತಿದ್ದ ಕನ್ನಡ ಅಷ್ಟೇ. ಅವಳ ಇಂಗ್ಲಿಷೂ ಅದಕ್ಕಿಂತ ಹೆಚ್ಚಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಫೋನ್ ಬಂದರೆ ಹೇಳಲು ಆರತಿ ನಾಲ್ಕು ಮಾತು ಕಲಿಸಿಕೊಟ್ಟಿದ್ದಳು.

ಕೊನೆಗೆ ದೊಡ್ಡ ಲೀಗಿನ ಒಂದು ಕ್ಲಬ್ಬಿನ ಹಾಲಿಸ್ ಎಂಬಾತ ಆಸೆ ಹುಟ್ಟಿಸಿದ. ಅವರಿಗೊಬ್ಬ ಕ್ಯಾಚರ್ ಬೇಕಿತ್ತು, ಪಟ್ಟಿಯಲ್ಲಿ ಉಳಿದವರು ಇಬ್ಬರೇ. ಸೀಸನ್ನಿನ ಅತ್ಯುತ್ತಮ ಕ್ಯಾಚರ್ ಯಾರೆಂದು ಲೀಗಿನ ಮ್ಯಾನೇಜರುಗಳು ವೋಟು ಹಾಕಿದ್ದರು, ಫಲಿತಾಂಶ ಗುರುವಾರ. "ವೋಟು ನಿನ್ನ ಕಡೆ ಬಂದರೆ ಮೀಟಿಂಗಿನಲ್ಲಿ ನನಗೂ ಬಾಯಿ ಬರುತ್ತೆ," ಎಂದಿದ್ದ ಹಾಲಿಸ್. "ಅವತ್ತೇ ಮೂರು ಗಂಟೆಗೆ ಕಾಲ್ ಮಾಡ್ತೀನಿ. ಅಲ್ಲೇ ಉತ್ತರ ಬೇಕು."

ಗುರುವಾರ ಬೆಳಿಗ್ಗೆ ಹಳೇ ಕ್ಲಬ್ಬಿನಿಂದ ಸುದ್ದಿ ಬಂತು. ಒಂದೇ ವೋಟಿನ ಅಂತರದಲ್ಲಿ ರಸೆಲ್ ಗೆದ್ದಿದ್ದ. ಮೂರು ವರ್ಷ ಎರಡನೆಯವನಾಗಿಯೇ ಉಳಿದವನು ಅಡಿಗೆಮನೆಗೆ ಬಂದು ಶಾಂತವ್ವನನ್ನು ಅನಾಮತ್ತಾಗಿ ಎತ್ತಿ ಇಳಿಸಿದ. ಆದರೂ ಅವನ ಕಣ್ಣು ಗೋಡೆಯ ಗಡಿಯಾರ ಬಿಟ್ಟು ಕದಲಲಿಲ್ಲ. ಕ್ಲಬ್ಬು ಕರೆಯದಿದ್ದರೆ ಈ ಪ್ರಶಸ್ತಿ ಊಟಕ್ಕಿಲ್ಲದ ಉಪ್ಪಿನಕಾಯಿ ಎಂದು ಅವನಿಗೆ ಗೊತ್ತಿತ್ತು.

ಶಾಂತವ್ವನ ಬುದ್ಧಿಗೆ ಹೊಳೆದದ್ದು ಹೋಳಿಗೆ. ಗೆದ್ದು ಬಂದ ಹುಡುಗನಿಗೆ ಬರೀ ರೊಟ್ಟಿ ಹಾಕುವುದೆಂದರೇನು? ಈರಣ್ಣ ಆಫೀಸಿಗೆ, ಆರತಿ ಆಸ್ಪತ್ರೆಗೆ ಹೋದ ಮೇಲೆ ಬೇಳೆ ಬೇಯಿಸಿ ಹೂರಣ ರುಬ್ಬಿದಳು. ಮಧ್ಯಾಹ್ನ ಚಾಪೆ ಹಾಸಿ, ತಾಟಿನ ಮುಂದೆ ಅವನನ್ನು ಕೂರಿಸಿ, ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದಳು. ಮೂರು ಗಂಟೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಅವನು ಎರಡನೇ ತುತ್ತು ಎತ್ತಿದಾಗ ಫೋನು ಬಡಿದುಕೊಂಡಿತು.

ರಸೆಲ್ ಅರ್ಧ ಎದ್ದಿದ್ದ. ಶಾಂತವ್ವ ಅವನ ಭುಜ ಒತ್ತಿ ಕೂರಿಸಿದಳು. ಉಣ್ಣಲು ಕೂತವರನ್ನು ನಡುವೆ ಎಬ್ಬಿಸಬಾರದು, ಅದು ಅವಳ ಮನೆತನದ ಕಟ್ಟಳೆ. ಬರೀ ಕಟ್ಟಳೆಯಾಗಿದ್ದರೆ ಅವಳೂ ಸಡಿಲ ಬಿಡುತ್ತಿದ್ದಳೋ ಏನೋ. ಗಂಡ ಗುರುಸಿದ್ದಪ್ಪ ಯಾರೋ ಬಾಗಿಲಲ್ಲಿ ಕೂಗಿದರೆಂದು ಅರ್ಧ ರೊಟ್ಟಿ ಬಿಟ್ಟು ಎದ್ದು ಹೋದವನು, ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಸಿದು ಜೀವ ಬಿಟ್ಟಿದ್ದ. ಆ ಅರ್ಧ ರೊಟ್ಟಿ ಅವಳ ಕಣ್ಣಿನಿಂದ ಇನ್ನೂ ಹೋಗಿರಲಿಲ್ಲ.

ಹಜಾರಕ್ಕೆ ಹೋಗಿ ತಾನೇ ಫೋನ್ ಎತ್ತಿದಳು. ಗಂಡಸಿನ ಧ್ವನಿ, ಬಡಬಡ ಇಂಗ್ಲಿಷು. ಅದರಲ್ಲಿ ರಸೆಲ್ ಎಂಬುದೊಂದು ತಿಳಿಯಿತು.

"ಈಟಿಂಗ್," ಎಂದಳು ಶಾಂತವ್ವ. "ನೋ ಕಮಿಂಗ್. ಆಫ್ಟರ್."

ಅತ್ತಲಿನವನು ಮತ್ತೇನೋ ಕೇಳಿದ. ಅವಳು ಅದನ್ನೇ ಇನ್ನೊಮ್ಮೆ ಹೇಳಿ ಫೋನಿಟ್ಟಳು. ಚಾಪೆಯ ಮೇಲಿದ್ದವನಿಗೆ ಅವಳ ಮೆಲುದನಿ ಕೇಳಿಸಿರಲಿಲ್ಲ.

"ಈರಣ್ಣ?" ಎಂದು ಕೇಳಿದ ರಸೆಲ್.

ಅಲ್ಲ ಅಂದರೆ ಇವನು ಏಳುತ್ತಾನೆ, ಹೋಳಿಗೆ ಆರುತ್ತದೆ. ಶಾಂತವ್ವ ಹೌದೆಂದು ತಲೆಯಾಡಿಸಿ ಇನ್ನಷ್ಟು ತುಪ್ಪ ಹಾಕಿದಳು. ರಸೆಲ್ ಉಂಡು ಮುಗಿಸಿದ.

ಮೂರು ಹೊಡೆಯಿತು. ಫೋನಿಲ್ಲ. ರಸೆಲ್ ಅದರ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದ. ಮೂರೂವರೆಗೆ ಒಮ್ಮೆ ರಿಸೀವರ್ ಎತ್ತಿ, ಲೈನ್ ಇದೆಯೋ ಎಂದು ಕೇಳಿಸಿಕೊಂಡು, ಸುಟ್ಟವನಂತೆ ತಕ್ಷಣ ಇಟ್ಟ. ಅಡಿಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ಶಾಂತವ್ವನ ಕೈ ನಿಂತುಹೋಯಿತು. ಮಧ್ಯಾಹ್ನದ ಆ ಧ್ವನಿ ನೆನಪಾಯಿತು. ಮೂರಕ್ಕೆ ಅಂದವನು ಮೊದಲೇ ಮಾಡಿದ್ದರೆ?

ಹೇಳಲು ಅವಳಿಗೆ ಭಾಷೆ ಇರಲಿಲ್ಲ. ಹೇಳದಿರಲು ಬೇಕಾದ ಅನುಕೂಲವೆಲ್ಲ ಇತ್ತು. ಆ ಫೋನು ಬಂದದ್ದು ಅವಳಿಗೂ ಶಿವನಿಗೂ ಬಿಟ್ಟರೆ ಯಾರಿಗೆ ಗೊತ್ತು? ಕ್ಲಬ್ಬಿನವರು ಮರೆತರು ಎಂದುಕೊಳ್ಳುತ್ತಾನೆ, ಅವರನ್ನೇ ಬೈದುಕೊಳ್ಳುತ್ತಾನೆ. ಒಳಗಿನ ಪುಕ್ಕಲುತನ ಹೀಗೆಲ್ಲ ಉಪಾಯ ಹೇಳಿಕೊಟ್ಟಿತು. ಅವಳು ಬಾಗಿಲ ಸಂದಿಯಿಂದ ಅವನ ಬೆನ್ನು ನೋಡುತ್ತ ನಿಂತಳು.

ಐದಕ್ಕೆ ಈರಣ್ಣ ಬಂದ. ರಸೆಲ್‌ನ ಮುಖ ನೋಡಿದವನೇ ತಾಯಿಯ ಕಡೆ ತಿರುಗಿ ಕೇಳಿದ, "ಯಾರರ ಫೋನ್ ಮಾಡಿದ್ರನಬೇ?"

ಇಲ್ಲ ಅನ್ನಲು ಒಂದೇ ಮಾತು ಸಾಕಿತ್ತು.

"ಮಾಡಿದ್ರು," ಎಂದಳು ಶಾಂತವ್ವ. "ರಸೆಲ್ ಅಂದ್ರು. ಉಣ್ಣಾಕ ಕುಂತಾನ ಅಂತ ನಾನ ಇಟ್ಟೆ. ಅವ ನಿಂದೇನು ಅಂತ ಕೇಳಿದ್ದಕ್ಕ ಹೌದಂದೆ. ಸುಳ್ಳು ಹೇಳಿದೆ. ಇದ್ದದ್ದು ಇದ್ದಂಗ ಹೇಳು ಅವಂಗ."

ಈರಣ್ಣ ಇಂಗ್ಲಿಷಿನಲ್ಲಿ ಹೇಳಿದ. ರಸೆಲ್ ಹಾಲಿಸ್‌ನ ನಂಬರ್ ಒತ್ತಿದ. ಮಾತು ಬೇಗ ಮುಗಿಯಿತು. ಮೀಟಿಂಗು ಹೇಳಿದ್ದಕ್ಕಿಂತ ಮೊದಲೇ ಸೇರಿತ್ತು, ಅದಕ್ಕೇ ಹಾಲಿಸ್ ಮಧ್ಯಾಹ್ನವೇ ಫೋನ್ ಮಾಡಿದ್ದ. ಊಟ ಮಾಡುತ್ತಿದ್ದಾನೆ, ಬರುವುದಿಲ್ಲ ಅಂದದ್ದನ್ನು ಕೇಳಿ, ಇವನಿಗೆ ಬೇರೆ ಕಡೆ ಒಳ್ಳೆಯದು ಸಿಕ್ಕಿದೆ ಎಂದುಕೊಂಡು ಇನ್ನೊಬ್ಬನನ್ನು ಸೈನ್ ಮಾಡಿಸಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದನ್ನು ತಪ್ಪಿಸಿದ ಕೈ ಶಾಂತವ್ವನದೇ.

ರಸೆಲ್ ಬೈಯಲಿಲ್ಲ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಮೇಲೆ ಹೋಗಿ ಬಾಗಿಲು ಹಾಕಿಕೊಂಡ, ಚೀಲಕ್ಕೆ ಸಾಮಾನು ತುಂಬುವ ಸದ್ದು ಕೇಳಿಸಿತು. ಅವತ್ತು ಶಾಂತವ್ವ ಉಣ್ಣಲಿಲ್ಲ. "ಮಿಂಚಿ ಹೋದ ಕಾರ್ಯಕ್ಕ ಚಿಂತಿಸಿ ಫಲ ಇಲ್ರೀ ಅತ್ತಿ," ಎಂದು ಆರತಿ ಸಮಾಧಾನ ಹೇಳಿದರೆ, "ತಪ್ಪು ನಿಂದಲ್ಲ, ಅದಕ್ಕ ಹಂಗಂತಿ," ಎಂದಳು.

ಮರುದಿನ ಮಧ್ಯಾಹ್ನ ಅವನು ಗ್ಯಾಸ್ಟೋನಿಯಾಕ್ಕೆ ಹೊರಡುವುದೆಂದಾಯಿತು. ಅವನನ್ನು ಬೀಳ್ಕೊಡಲು ಈರಣ್ಣ ರಜೆ ಹಾಕಿದ್ದ. ಚೀಲಗಳು ಬಾಗಿಲಲ್ಲಿದ್ದವು. ಶಾಂತವ್ವ ಬಡಿಸಲು ಹೆದರಿ ನಿಂತಿದ್ದಳು, ರಸೆಲ್ ತಾನೇ ಚಾಪೆ ಹಾಸಿಕೊಂಡು ಕೂತ. ನಿನ್ನೆಯ ಹೋಳಿಗೆಯನ್ನೇ ಬಿಸಿ ಮಾಡಿ ಹಾಕಿದಳು. ಅವನು ಒಂದು ತುತ್ತು ಮುರಿದ.

ಫೋನು ಬಡಿದುಕೊಂಡಿತು.

ರಸೆಲ್ ಏಳಲಿಲ್ಲ. ಅವಳ ಮುಖ ನೋಡಿ ಮೆಲ್ಲಗೆ ನಕ್ಕು ತಾಟಿನ ಕಡೆ ಬಗ್ಗಿದ. ಈರಣ್ಣ ಎದ್ದವನು ಎಲ್ಲಿದ್ದನೋ ಅಲ್ಲೇ ನಿಂತ. ಎರಡನೇ ಸಲ ಬಡಿಯಿತು. ತನ್ನ ಕಟ್ಟಳೆಯ ಮರ್ಯಾದೆ ಉಳಿಸಲು ಹುಡುಗ ಕೂತೇ ಇದ್ದಾನೆ ಎಂದು ಶಾಂತವ್ವನಿಗೆ ಅರಿವಾಯಿತು. ಅರ್ಧ ರೊಟ್ಟಿ ಕಣ್ಣ ಮುಂದೆ ಬಂತು, ಬಸ್ ಸ್ಟ್ಯಾಂಡೂ ಬಂತು. ಅವಳು ಬಗ್ಗಿ ಅವನ ಮುಂದಿನ ತಾಟನ್ನು ಎತ್ತಿಕೊಂಡಳು. ಹುಟ್ಟಿದಾಗಿನಿಂದ ಉಣ್ಣುವವರ ಮುಂದಿನ ಅನ್ನ ಕಿತ್ತವಳಲ್ಲ.

"ಏಳೋ," ಎಂದಳು. "ಏಳು, ಎದ್ದು ಹೋಗು."

ಆ ಕನ್ನಡ ಅವನಿಗೆ ಯಾರೂ ಕಲಿಸಿರಲಿಲ್ಲ, ಆದರೂ ಎದ್ದು ಎಡಗೈಯಲ್ಲಿ ಫೋನ್ ಹಿಡಿದ. ಶಾಂತವ್ವ ತಾಟನ್ನು ತೊಡೆಯ ಮೇಲಿಟ್ಟುಕೊಂಡು ಚಾಪೆಯ ಮೇಲೆ ಕೂತಳು. ಅವನು "ಯೆಸ್ ಸರ್" ಎಂದ. ಅತ್ತಲಿನ ಮಾತು ಕೇಳಿಸಿಕೊಂಡು ಮತ್ತೆ "ಯೆಸ್ ಸರ್" ಎಂದ. ಅದು ಸಂತೋಷದ್ದೋ ಸಂಕಟದ್ದೋ ಅವಳಿಗೆ ಗೊತ್ತಾಗಲಿಲ್ಲ.

"ಬ್ಯಾರೆ ಕ್ಲಬ್ಬಬೇ," ಫೋನಿಗೆ ಕಿವಿ ಹಚ್ಚಿ ಕೇಳಿ ಬಂದ ಈರಣ್ಣ ಪಿಸುಗುಟ್ಟಿದ. "ಪೇಪರ್‌ನ್ಯಾಗ ವೋಟಿನ ಸುದ್ದಿ ನೋಡ್ಯಾರ. ದೊಡ್ಡ ಲೀಗಿಂದಲ್ಲ, ಮತ್ತ ಸಣ್ಣದ, ಊರೂರು ಅಲಿಯೋ ಅದ ಬಸ್ಸು, ಅದ ಸಂಬಳ. ಒಂದ ವರ್ಷ."

"ಆಡತಾನ?"

"ಆಡತಾನ."

ರಸೆಲ್ ಫೋನಿಟ್ಟು ಬಂದು ಅವಳೆದುರು ಕುಕ್ಕರಗಾಲಿನಲ್ಲಿ ಕೂತ. ನಿನ್ನೆ ಕಳೆದದ್ದು ಇದರಿಂದ ತುಂಬುವುದಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಅವನು ಎರಡೂ ಕೈ ಚಾಚಿದ, ಚೆಂಡಿಗೆ ಚಾಚುವ ಹಾಗೆ. ಶಾಂತವ್ವ ತಾಟನ್ನು ಅವನ ಕೈಗಿತ್ತು, ಕಣ್ಣೊರೆಸಿಕೊಂಡು, ಕೇಳದೆಯೇ ಇನ್ನೊಂದು ಹೋಳಿಗೆ ಹಾಕಿದಳು. ಅವನು ಸಾಕು ಅನ್ನಲಿಲ್ಲ.