ಒಂದನ್ನು ಒತ್ತಿ

ಬೈಂಡಿಂಗಮ್ಮನ ಮಗ ಎಲ್ಲಿದ್ದಾನೆ ಎಂಬುದು ಇಪ್ಪತ್ತೆರಡು ದಿನದಿಂದ ಯಾರಿಗೂ ಗೊತ್ತಿರಲಿಲ್ಲ. ಸರ್ಕಾರಕ್ಕೆ ಗೊತ್ತಿತ್ತು, ಅನುಮಾನವೇ ಬೇಡ. ಆದರೆ ಸರ್ಕಾರಕ್ಕೆ ಗೊತ್ತಿರುವುದನ್ನು ಅದರ ಬಾಯಿಂದ ಹೊರಡಿಸುವುದಿದೆಯಲ್ಲ, ಅದು ಕಲ್ಲಿನಲ್ಲಿ ನಾರು ತೆಗೆಯುವ ಕೆಲಸ.

ಮಗ ಲಾರಿ ಡ್ರೈವರ್. ಹೊಸ ಸಾಹುಕಾರನೊಬ್ಬನ ಲಾರಿ ಹಿಡಿದಿದ್ದ. ಆ ಸಾಹುಕಾರನನ್ನು ನೋಡಿದ ದಿನವೇ ಇವಳು, 'ಬೇಡ ಕಣೋ, ಆ ಮನುಷ್ಯ ನಗೋದೆಲ್ಲ ಬರೀ ಹಲ್ಲಲ್ಲಿ' ಎಂದಿದ್ದಳು. ಮಗ ಕೇಳಲಿಲ್ಲ. ಹೆತ್ತವರ ಮಾತು ಕೇಳಿದ ಮಕ್ಕಳ ಪಟ್ಟಿ ಯಾವ ಊರಲ್ಲೂ ಉದ್ದವಿಲ್ಲ. ಮಾತಿಗೆ ಮಾತು ಬೆಳೆದು ಕೊನೆಗೆ ಇವಳೇ, 'ಹಾಗಾದ್ರೆ ಹೋಗು, ಹಾಳಾಗಿ ಹೋಗು, ಮತ್ತೆ ಈ ಕಡೆ ತಲೆ ಹಾಕ್ಬೇಡ' ಎಂದುಬಿಟ್ಟಳು. ಮೂರನೇ ದಿನಕ್ಕೆ ಇನ್ನೊಬ್ಬ ಡ್ರೈವರ್ ಬಾಗಿಲಿಗೆ ಬಂದು ಸುದ್ದಿ ಹೇಳಿದ. ಸಿಮೆಂಟ್ ಮೂಟೆಗಳ ಕೆಳಗೆ ಕದ್ದ ತಾಮ್ರದ ತಂತಿ ಸಿಕ್ಕಿದೆ, ಸಾಹುಕಾರ ಪರಾರಿ, ಪೊಲೀಸರ ಕೈಗೆ ಸಿಕ್ಕವನು ಇವಳ ಮಗ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತ್ತು.

ಅಂದಿನಿಂದ ಅವಳ ಎದೆಯಲ್ಲಿ ಕೂತದ್ದು ಕಳ್ಳತನದ ಭಯವಲ್ಲ, ಮಾನದ ಚಿಂತೆಯೂ ಅಲ್ಲ. ತಾನು ಅವನಿಗೆ ಆಡಿದ ಕೊನೆಯ ಮಾತು ಅದೇ ಆಗಿಬಿಟ್ಟರೆ ಎಂಬುದೊಂದೇ.

ಠಾಣೆಗೆ ಹೋದಳು. ಜೊತೆಗೆ ನಾದಿನಿ. ಇಬ್ಬರೂ ಒಂದೇ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವವರು. ನಾದಿನಿ ಹಾಳೆಗಳನ್ನು ಹೊಲಿದರೆ ಇವಳು ಅಂಟು ಬಳಿದು ರಟ್ಟು ಕೂರಿಸುತ್ತಾಳೆ. ಠಾಣೆಯವರು, 'ಕೋರ್ಟಿಗೆ ಹಾಜರು ಮಾಡಿದ್ವಿ, ಜೈಲಿಗೆ ಹೋದ' ಎಂದರು. ಯಾವ ಜೈಲು ಎಂದರೆ, 'ಅದನ್ನ ಜೈಲಿನೋರನ್ನೇ ಕೇಳಿ.'

ಮೊದಲನೇ ಜೈಲಿನವರು ಹೇಳಿದರು, 'ಇದ್ದ. ಜಾಗ ಸಾಲಲಿಲ್ಲ ಅಂತ ಹನ್ನೆರಡು ಜನಾನ ವ್ಯಾನ್ ಹತ್ತಿಸಿ ಬೇರೆ ಜೈಲಿಗೆ ಕಳಿಸಿದ್ವಿ.' ಆ ಬೇರೆ ಜೈಲಿಗೆ ಎರಡು ಬಸ್ಸು ಬದಲಿಸಿ ಹೋದರು. ಅಲ್ಲಿಯವನು ಪಟ್ಟಿಯ ಮೇಲೆ ಬೆರಳಾಡಿಸಿ, 'ಹನ್ನೊಂದು ಜನ ಇಳಿದಿದಾರೆ. ನಿಮ್ಮೋನು ಇದರಲ್ಲಿಲ್ಲ' ಎಂದ.

ಹನ್ನೆರಡು ಜನ ಹತ್ತಿ ಹನ್ನೊಂದು ಜನ ಇಳಿದರೆ ಉಳಿದವನು ಎಲ್ಲಿ? ಆ ಪ್ರಶ್ನೆಗೆ ಆ ಮನುಷ್ಯ ಭುಜ ಕುಣಿಸಿದ. ಬಸ್ಸಿನಲ್ಲಿ ಹಿಂದಿರುಗುವಾಗ ನಾದಿನಿ ಏನೇನೋ ಸಮಾಧಾನ ಹೇಳಿದಳು; ಒಂದೂ ಬೈಂಡಿಂಗಮ್ಮನ ಕಿವಿಗೆ ಬೀಳಲಿಲ್ಲ.

ಇಷ್ಟು ಸಾಲದು ಎಂಬಂತೆ ಒಂದು ಫೋನಿನ ಕಾಟ ಬೇರೆ. ಮಧ್ಯಾಹ್ನ ಮೂರೂಕಾಲರ ಹೊತ್ತಿಗೆ, ಇವಳ ಎರಡೂ ಕೈ ಅಂಟಿನಲ್ಲಿ ಮುಳುಗಿರುವಾಗಲೇ ಗೊತ್ತಿಲ್ಲದ ನಂಬರಿನಿಂದ ಫೋನು. ಎಲ್ಲಿ ಮಗನ ಸುದ್ದಿಯೋ ಎಂದು ಮೊಣಕೈಯಿಂದ ಒತ್ತಿ ಕಿವಿ ಕೊಟ್ಟರೆ, ರೆಕಾರ್ಡ್ ಮಾಡಿದ ಹೆಣ್ಣಿನ ದನಿ: 'ನಮಸ್ಕಾರ. ಈ ಕರೆಯನ್ನು ಸ್ವೀಕರಿಸಲು ಒಂದನ್ನು ಒತ್ತಿ...' ಅಷ್ಟೇ, ಇವಳ ಪಿತ್ತ ನೆತ್ತಿಗೇರುತ್ತಿತ್ತು. ಹೋದ ವರ್ಷ ಮಗನೇ ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ್ದ: 'ಅಮ್ಮ, ರೆಕಾರ್ಡ್ ದನಿ ಬಂದು ಒಂದು ಒತ್ತಿ, ಎರಡು ಒತ್ತಿ ಅಂತು ಅಂದ್ರೆ ಮೋಸ ಅಂತ್ಲೇ ಲೆಕ್ಕ. ಒತ್ತಬೇಡ. ನಾಲ್ಕು ಬೈದು ಕಟ್ ಮಾಡು.' ಬೇರೆ ವಿಷಯದಲ್ಲಿ ಹೇಗೋ, ಬೈಯುವ ವಿಷಯದಲ್ಲಿ ಬೈಂಡಿಂಗಮ್ಮ ಯಾರ ಪಾಠವನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ನಾಲ್ಕು ಎಂದರೆ ನಲವತ್ತು ಬೈದು, ಮೊಣಕೈಯಿಂದಲೇ ಕೆಂಪು ಗುರುತು ಕುಟ್ಟುತ್ತಿದ್ದಳು. ಸುತ್ತ ಕೆಲಸದಲ್ಲಿದ್ದವರು ನಗು ತಡೆಯಲಾಗದೆ ರಟ್ಟಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು.

ಶುಕ್ರವಾರ ಇಬ್ಬರೂ ಮೂರನೇ ಜೈಲಿಗೆ ಹೊರಟರು, ಹಳೇ ಇಟ್ಟಿಗೆ ಕಾರ್ಖಾನೆಯ ಪಕ್ಕದ್ದು. ಅದರಾಚೆಗೆ ಎಲ್ಲಿ ಹುಡುಕಬೇಕೆಂದು ಅವಳಿಗೆ ತಿಳಿದಿರಲಿಲ್ಲ.

ವಿಚಾರಣೆಯ ಕಿಟಕಿಯಲ್ಲಿ ದಪ್ಪ ಕನ್ನಡಕದ ಗುಮಾಸ್ತನೊಬ್ಬ ಕೂತಿದ್ದ. ಎದುರಿಗೆ ಕಂಪ್ಯೂಟರ್, ಪಕ್ಕದಲ್ಲಿ ಸಂದರ್ಶಕರ ರಿಜಿಸ್ಟರ್. ರಿಜಿಸ್ಟರಿನ ಬೆನ್ನು ಕಿತ್ತು ಹಾಳೆಗಳು ಒಂದೊಂದು ದಿಕ್ಕಿಗೆ ಹೊರಟಿದ್ದವು. ಬೈಂಡಿಂಗಮ್ಮನಿಗೆ ಅಂಥ ಹೊತ್ತಿನಲ್ಲೂ ನೋಡಿ ಸುಮ್ಮನಿರಲಾಗಲಿಲ್ಲ.

'ಯಾರಪ್ಪ ಇದನ್ನ ಕಟ್ಟಿದ ಪುಣ್ಯಾತ್ಮ? ಹೊಲಿಗೇನೇ ಹಾಕಿಲ್ಲ, ಬರೀ ಅಂಟು ಬಳಿದು ಕೈ ತೊಳ್ಕೊಂಡಿದಾನೆ.'

'ಅತ್ತಿಗೆ, ಬಂದ ಕೆಲಸ ನೋಡಿ' ಎಂದು ನಾದಿನಿ ತಿವಿದಳು.

ಗುಮಾಸ್ತ ಮಾತ್ರ ತಲೆ ಎತ್ತಿದ. ಬೆಳಗಿನಿಂದ ಆ ಹಾಳೆಗಳನ್ನು ಜೋಡಿಸಿ ಜೋಡಿಸಿ ಅವನಿಗೂ ಸಾಕಾಗಿತ್ತೇನೋ. 'ಹೂಂ, ಹೇಳಿ. ಯಾರು ಬೇಕಿತ್ತು?'

ಹೆಸರು ಹೇಳಿದಳು, ತಂದೆಯ ಹೆಸರು ಹೇಳಿದಳು, ಹುಟ್ಟಿದ ತಾರೀಕು ಹೇಳಿದಳು. ಗುಮಾಸ್ತ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಅವನ ಬೆರಳು ಏಳುವುದೇ ನಿಧಾನ, ಬೀಳುವುದು ಇನ್ನೂ ನಿಧಾನ.

'ಇದಾನೆ' ಎಂದ ಗುಮಾಸ್ತ. 'ನಾಲ್ಕನೇ ಬ್ಯಾರಕ್. ಆರೋಗ್ಯ ಸರಿಯಾಗಿದೆ.'

'ಏನಂದ್ರಿ?'

'ಇದಾನಮ್ಮ. ಬಂದು ಹನ್ನೊಂದು ದಿನ ಆಯ್ತು. ವ್ಯಾನ್ ಮೊದಲು ಹೋದ ಜೈಲಲ್ಲಿ ಹನ್ನೊಂದೇ ಜನಕ್ಕೆ ಜಾಗ ಇತ್ತಂತೆ. ಮಿಕ್ಕಿದ ಒಬ್ಬನ್ನ ಅದೇ ವ್ಯಾನಲ್ಲಿ ಇಲ್ಲಿಗೆ ತಂದು ಬಿಟ್ಟಿದಾರೆ.'

ಬೈಂಡಿಂಗಮ್ಮ ಕಿಟಕಿಯ ಕಂಬಿ ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು. ಅಬ್ಬಾ! ಹೋದ ಜೀವ ಬಂದ ಹಾಗಾಗುವುದು ಎಂದರೇನೆಂದು ಅವಳಿಗೆ ಆ ಕ್ಷಣ ಗೊತ್ತಾಯಿತು. ಇದಾನೆ. ಬದುಕಿದಾನೆ. ಅಳುವೂ ನಗುವೂ ಒಟ್ಟಿಗೆ ನುಗ್ಗಿ ಬಂದವು. ನಾದಿನಿ ಅವಳ ಬೆನ್ನು ಸವರುತ್ತಾ ತಾನೂ ಮೂಗು ಒರೆಸಿಕೊಂಡಳು.

ಗುಮಾಸ್ತ ಕನ್ನಡಕ ಸರಿಮಾಡಿಕೊಂಡು ಮತ್ತೆ ಪರದೆ ನೋಡಿದ. 'ಅಲ್ಲಮ್ಮ, ಇಷ್ಟೊಂದು ಅಳ್ತೀರಿ, ಅವನು ಫೋನ್ ಮಾಡಿದ್ರೆ ಯಾಕೆ ಮಾತಾಡಲ್ಲ? ಇಲ್ಲಿಂದ ಒಂಬತ್ತು ಸಲ ಮಾಡಿದಾನೆ. ಒಂಬತ್ತು ಸಲವೂ ನಿಮ್ಮ ಕಡೆಯಿಂದ ಕಟ್ ಆಗಿದೆ.'

'ನನಗೆಲ್ಲಿ ಮಾಡಿದಾನೆ ಸ್ವಾಮಿ? ಮಾಡಿದ್ರೆ ನಾನು ಬಿಡ್ತಿದ್ನಾ?'

'ತಾಯಿ ನಂಬರ್ ಅಂತ ಅವನೇ ಬರೆಸಿದಾನೆ. ದಿನಾ ಮೂರೂಕಾಲಿಗೆ. ಮೊದಲು ನಮ್ಮ ರೆಕಾರ್ಡ್ ದನಿ ಬರುತ್ತೆ, ಈ ಕರೆಯನ್ನು ಸ್ವೀಕರಿಸಲು ಒಂದನ್ನು ಒತ್ತಿ, ಇದು ಕಾರಾಗೃಹದ...'

ನಾದಿನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

'ಅದಕ್ಕೆ ನಾನು ಬೈತಿದ್ದೆನಲ್ಲಾ' ಎಂದಳು ಬೈಂಡಿಂಗಮ್ಮ ಮೆಲ್ಲಗೆ. 'ಅವನಿಗೆ... ಅದು ಅವನಿಗೆ ಕೇಳಿಸುತ್ತಾ?'

'ಕೇಳಿಸುತ್ತೆ. ನೀವು ಒಂದು ಒತ್ತೋವರೆಗೂ ಅವನ ದನಿ ನಿಮಗೆ ಕೇಳಲ್ಲ, ನಿಮ್ಮ ದನಿ ಅವನಿಗೆ ಕೇಳುತ್ತೆ.'

ತಾನು ಆ ದನಿಗೆ ಹೇಳಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ನಿನ್ನ ಬಾಯಿಗೆ ಮಣ್ಣು ಬೀಳ ಎಂದಿದ್ದಳು. ನಿನಗೆ ಬರಬಾರದ್ದು ಬರ ಎಂದಿದ್ದಳು. ನಿನ್ನ ಹೆತ್ತವಳು ಯಾವ ಕೆಟ್ಟ ಗಳಿಗೇಲಿ ಹೆತ್ತಳೋ ಎಂದೂ ಕೇಳಿದ್ದಳು.

'ಅದು ನೀವೇ ಅತ್ತಿಗೆ' ಎಂದಳು ನಾದಿನಿ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿ ಬೇರೆ ಕಡೆ ನೋಡಿದಳು.

'ಮನೆಯಿಂದ ಹಾಳಾಗಿ ಹೋಗು ಅಂತ ಕಳಿಸ್ದೆ. ಆಮೇಲೆ ಅವನು ಫೋನ್ ಮಾಡ್ದಾಗೆಲ್ಲ ಹಿಂಗೆ ಬೈದೆ. ಏನಂದ್ಕೊಂಡಿರ್ತಾನೆ ಸ್ವಾಮಿ ಅವನು?' ಬೈಂಡಿಂಗಮ್ಮ ಎದ್ದು ನಿಂತು ಕಿಟಕಿಗೆ ಮುಖ ಒತ್ತಿದಳು. 'ಇವತ್ತೂ ಮಾಡ್ತಾನಲ್ವಾ?'

ಗುಮಾಸ್ತ ಪರದೆಯನ್ನು ಇನ್ನೊಮ್ಮೆ ನೋಡಿ ತಲೆ ಕೆರೆದುಕೊಂಡ. 'ನಿನ್ನೆ ಮಾಡಿಲ್ಲ. ಮೊನ್ನೇನೂ ಮಾಡಿಲ್ಲ.'

ಒಂಬತ್ತು ದಿನ ಬೈಸಿಕೊಂಡವನು ಹತ್ತನೇ ದಿನ ಕೈಬಿಟ್ಟಿದ್ದಾನೆ, ಯಾರಾದರೂ ಬಿಡುತ್ತಾರೆ. ಒಂದು ಮಾತು ಅವನಿಗೆ ಮುಟ್ಟಿಸಿ ಎಂದು ಗುಮಾಸ್ತನಿಗೆ ದುಂಬಾಲು ಬಿದ್ದಳು. ಹಾಗೆ ಮಾಡಲು ನಿಯಮವಿಲ್ಲ ಎಂದ. ಭೇಟಿಗೆ ಅರ್ಜಿ ಬರೆದುಕೊಡಿ, ಸೋಮವಾರ ಬನ್ನಿ ಎಂದ. ಆಮೇಲೆ ಅವನಿಗೇ ಏನನ್ನಿಸಿತೋ, ದನಿ ತಗ್ಗಿಸಿ, 'ಮೂರರಿಂದ ನಾಲ್ಕು ಫೋನಿನ ಹೊತ್ತು. ಅಲ್ಲಿ ಬೆಂಚ್ ಇದೆ, ಕೂತಿರಿ. ಇವತ್ತು ಕಟ್ ಮಾಡ್ಬೇಡಿ ಮತ್ತೆ' ಎಂದ.

ಅರ್ಜಿ ಕೊಟ್ಟು ಬೆಂಚಿನ ಮೇಲೆ ಕೂತರು. ಬೈಂಡಿಂಗಮ್ಮ ಫೋನನ್ನು ಎರಡು ಕೈಯಲ್ಲಿ ಹಿಡಿದು, ಹೆಬ್ಬೆರಳನ್ನು ಒಂದರ ಮೇಲೆ ಆಗಲೇ ಸಿದ್ಧ ಇಟ್ಟುಕೊಂಡಿದ್ದಳು. ಮೂರಾಯಿತು. ಮೂರೂಕಾಲಾಯಿತು. ಫೋನು ಬಡಿದುಕೊಂಡಿತು. 'ನಮಸ್ಕಾರ' ಎಂದಿತು ರೆಕಾರ್ಡ್ ದನಿ. ಮುಂದಿನದನ್ನು ಕೇಳುವ ತಾಳ್ಮೆ ಯಾರಿಗಿದೆ? ಒತ್ತಿಯೇ ಬಿಟ್ಟಳು.

'ಮಗಾ!'

'ಮೇಡಂ, ನಮ್ಮ ಜೀವವಿಮಾ ಯೋಜನೆಯಲ್ಲಿ ಆಸಕ್ತಿ ತೋರಿಸಿದ್ದಕ್ಕೆ ತುಂಬಾ ಧನ್ಯವಾದ. ನಿಮ್ಮ ವಯಸ್ಸೆಷ್ಟು ಮೇಡಂ?'

'ಅಯ್ಯೋ, ದಮ್ಮಯ್ಯ, ಇಡಮ್ಮ ತಾಯಿ ಫೋನು! ನನ್ನ ಮಗ ಮಾಡ್ತಾನೆ!'

'ಮಗನಿಗೂ ನಮ್ಮಲ್ಲಿ ಒಳ್ಳೆ ಯೋಜನೆ ಇದೆ ಮೇಡಂ...'

ಒಂಬತ್ತು ಸಲ ಕಣ್ಣು ಮುಚ್ಚಿ ಕುಟ್ಟಿದ ಕೆಂಪು ಗುರುತನ್ನು ಒತ್ತಲು ಈಗ ಅವಳಿಗೆ ಧೈರ್ಯ ಬರಲಿಲ್ಲ. ನಾದಿನಿಯೇ ಫೋನ್ ಕಸಿದು ಕಟ್ ಮಾಡಿದಳು. ಮೂರೂವರೆಯಾಯಿತು. ಗುಮಾಸ್ತ ಕಿಟಕಿಯಿಂದ ಬಗ್ಗಿ ನೋಡಿ ಹುಬ್ಬು ಏರಿಸಿದ; ನಾದಿನಿ ಇಲ್ಲವೆಂದು ತಲೆಯಾಡಿಸಿದಳು. ನಾಲ್ಕಕ್ಕೆ ಇಪ್ಪತ್ತು ನಿಮಿಷ ಉಳಿಯಿತು.

ಫೋನು ಮತ್ತೆ ಬಂತು.

'ನಮಸ್ಕಾರ. ಈ ಕರೆಯನ್ನು ಸ್ವೀಕರಿಸಲು ಒಂದನ್ನು ಒತ್ತಿ.'

ಒತ್ತಿದಳು. ಆ ಕಡೆ ಏನೋ ಕಟಕ್ ಎಂದಿತು. ದೂರದಲ್ಲಿ ಯಾರೋ ಸಾಲಿನಲ್ಲಿ ನಿಲ್ಲಿ ಎಂದು ಗದರುವುದು ಕೇಳಿತು.

'ಬಂದ್ಯಾ ಅಮ್ಮ?' ಎಂದ ಮಗ.

ಬೈಂಡಿಂಗಮ್ಮ ಬಾಯಿ ಬಿಟ್ಟುಕೊಂಡು ಎತ್ತರದ ಗೋಡೆಯ ಕಡೆ ನೋಡಿದಳು. 'ನಿಂಗೆ... ನಾನು ಇಲ್ಲಿಗೆ ಬಂದಿದೀನಿ ಅಂತ ನಿಂಗೆ ಯಾರು ಹೇಳಿದ್ರೋ?'

'ನೀನೇ ಹೇಳಿದ್ಯಲ್ಲ. ಮೊದಲನೇ ಜೈಲಿಗೆ ಹೋದ ದಿನ ರೆಕಾರ್ಡಿಗೆ ಏನಂದೆ? ನನ್ನ ಮಗ ಸಿಗದೆ ನಾನಿಲ್ಲಿ ಸಾಯ್ತಿದೀನಿ, ಮಧ್ಯ ನಿಂದೊಂದು ಕಾಟ ಅಂದೆ. ಹನ್ನೆರಡು ಜನ ಹತ್ತಿ ಹನ್ನೊಂದು ಜನ ಇಳಿದ್ರಂತೆ, ಅವನನ್ನ ಹುಡುಕ್ಲಾ, ನಿನ್ನ ಜೊತೆ ಹರಟೆ ಹೊಡೀಲಾ ಅಂದೆ. ಶುಕ್ರವಾರ ಇಟ್ಟಿಗೆ ಕಾರ್ಖಾನೆ ಪಕ್ಕದ ಜೈಲಿಗೆ ಹೋಗ್ತಿದೀನಿ, ಅವತ್ತು ಫೋನ್ ಮಾಡಿದ್ರೆ ಸಿಗಿದು ಹಾಕ್ತೀನಿ ಅಂತ್ಲೂ ಅಂದೆ.' ಮಗ ನಗುತ್ತಿದ್ದ, ದನಿ ಒಡೆದಿತ್ತು. 'ಎರಡು ದಿನ ಇಲ್ಲಿ ಫೋನೇ ಕೆಟ್ಟಿತ್ತು. ಇವತ್ತು ಸರಿಯಾಗದಿದ್ರೆ ಏನು ಗತಿ ಅಂತ ಬೆಳಗಿಂದ ಊಟ ಸೇರಿಲ್ಲ ನಂಗೆ.'

'ಅಂದ್ರೆ ನಿಂಗೆ ಕೋಪ ಇಲ್ವಾ?'

'ಯಾತಕ್ಕಮ್ಮ ಕೋಪ? ತಾಯಿ ಹುಡುಕ್ತಿದಾಳೆ ಅಂತ ದಿನಾ ಗೊತ್ತಾಗ್ತಿತ್ತಲ್ಲ. ಈ ಬ್ಯಾರಕ್ಕಲ್ಲಿ ಎಷ್ಟು ಜನಕ್ಕೆ ಅಷ್ಟೂ ಗೊತ್ತಿಲ್ಲ. ನನ್ನ ಹಿಂದೆ ನಿಲ್ಲೋ ಒಬ್ಬ ಮುದುಕಪ್ಪ ಇದಾನೆ, ಅವನಿಗೆ ಮಾಡೋಕೆ ನಂಬರೇ ಇಲ್ಲ. ನಿನ್ನ ಬೈಗುಳ ಕೇಳೋಕೇ ಸಾಲಿಗೆ ಬರ್ತಾನೆ.'

ಬೈಂಡಿಂಗಮ್ಮನ ಕಣ್ಣೀರು ಕೆನ್ನೆಯಿಂದ ಫೋನಿನ ಮೇಲೆ ಇಳಿಯುತ್ತಿತ್ತು. ವಕೀಲರು ಸಿಕ್ಕರಾ, ಮಲಗಲು ಜಾಗ ಇದೆಯಾ, ಯಾರೂ ಹೊಡೆಯಲಿಲ್ಲ ತಾನೇ, ಎಲ್ಲವನ್ನೂ ಒಂದೇ ಉಸಿರಿಗೆ ಕೇಳಿದಳು. ಸರ್ಕಾರದಿಂದಲೇ ಒಬ್ಬ ವಕೀಲರನ್ನು ಕೊಟ್ಟಿದ್ದಾರೆ, ಸಾಹುಕಾರನೂ ಸಿಕ್ಕಿಬಿದ್ದಿದ್ದಾನಂತೆ, ಜಾಮೀನು ಆಗಬಹುದು ಎಂದ ಮಗ. ಸೋಮವಾರ ಭೇಟಿ ಎಂದಳು ಇವಳು. ಆಮೇಲೆ, ಇಪ್ಪತ್ತೆರಡು ದಿನದಿಂದ ನಾಲಿಗೆಯ ತುದಿಯಲ್ಲಿದ್ದುದನ್ನು ಹೇಳಹೊರಟಳು.

'ಮಗಾ, ಅವತ್ತು ನಾನು ಹಂಗೆ ಅನ್ನಬಾರದಿತ್ತು ಕಣೋ. ಇನ್ಮೇಲೆ ನಾನು ಯಾವತ್ತೂ ನಿನ್ನ ಬೈ...'

'ಬೇಡಮ್ಮ, ಹಂಗೆಲ್ಲ ಆಣೆ ಮಾಡ್ಬೇಡ' ಎಂದು ಮಗ ತಡೆದ. ಪಕ್ಕಕ್ಕೆ ತಿರುಗಿ ಯಾರಿಗೋ, ಬಾ ತಾತ, ಹತ್ರ ಬಾ ಎಂದದ್ದು ಕೇಳಿಸಿತು. 'ಇನ್ನೂ ನಾಲ್ಕು ನಿಮಿಷ ಇದೆ. ಬೈಯಮ್ಮ.'